ಗಣಕದ ತೆರೆಯಲ್ಲಿ ಒತ್ತಕ್ಷರದ ಪುನರ್ಲೇಖನ

ಹಾವೇರಿ ಜಿಲ್ಲೆಯ ಸವಣೂರು, ಹಿರೇಕೆರೂರು ಎಂಬ ಹೆಸರುಗಳಲ್ಲಿ ಒತ್ತಿಲ್ಲ; ಹಾನಗಲ್ಲ, ಶಿಗ್ಗಾವಿ ಎಂಬವುಗಳಲ್ಲಿ ಉಂಟು. ಗಣಕದ ತೆರೆಯ ಮೇಲೆ ಈ ಭೇದವು ಅಲ್ಪವಲ್ಲ. ‘ಶಿಗ್ಗಾವಿ’ ಎಂಬುದು ಯೂನಿಕೋಡ್ ಕ್ರಮದಲ್ಲಿ 8 ಸಂಕೇತಗಳು. ಕಾಣುವುದಾದರೋ 3 ಅಕ್ಷರಗಳು. ಎರಡನೆಯ ಗಕಾರವು ಬಂದೊಡನೆ, ಮೊದಲು ಬರೆದ ‘ಗ್’ ಎಂಬ ರೂಪವಳಿದು ‘ಗ್ಗ’ ಆಗಬೇಕು. ಬಳಿಕ ಬರುವ ದೀರ್ಘವು ಒತ್ತನ್ನು ದಾಟಿ ಮೇಲಿನ ಗಕಾರವನ್ನೇ ಸೇರುತ್ತದೆ. ವೈಯಾಕರಣರ ಸ್ಥಾನಿಯೂ ಆದೇಶವೂ ಇಲ್ಲಿ ಕಣ್ಣಿಗೇ ಕಾಣುವುವು.

ಆದರೆ ಗಣಕದ ಸ್ಮೃತಿಯಲ್ಲಿ ಪಾಠವು ಮಾರ್ಪಟ್ಟ ಮಾತ್ರಕ್ಕೆ ತೆರೆಯ ಚಿತ್ರವು ಮಾರ್ಪಡದು. ವಿಜೆಟ್ ಎನಿಸುವ ಬರಹದ ಚೌಕಕ್ಕೆ, ತನ್ನ ಇಂತಿಷ್ಟು ಭಾಗವು ಹಳತಾಯಿತೆಂಬ ಸೂಚನೆಯು ಮುಟ್ಟಬೇಕು. ಕ್ಯೂಟ್ ಎಂಬ ತಂತ್ರಾಂಶಸಂಗ್ರಹದಲ್ಲಿ ಇದಕ್ಕೆ ‘ಅಪ್‌ಡೇಟ್’ ಎಂಬ ಆಜ್ಞೆಯುಂಟು. ಅದು ಒಡನೆಯೇ ಬರೆಯಿಸದು. ಹಲವು ಸೂಚನೆಗಳನ್ನು ಕೂಡಿಸಿ, ಸರದಿ ಬಂದಾಗ ಒಮ್ಮೆಗೇ ಬರೆಯಿಸುತ್ತದೆ. ‘ರೀಪೇಂಟ್’ ಎಂಬುದಾದರೋ ಕಾಯದು. ಪ್ರತಿ ಕೀಲಿಗೂ ಅದನ್ನು ಕರೆಯುವುದು ದುಂದೇ ಸರಿ.

ತೊಡಕಿರುವುದು ಸೂಚಿತ ಪ್ರದೇಶದ ಅಳತೆಯಲ್ಲಿ. ರೋಮನ್ ಲಿಪಿಯ ರೂಢಿಯಂತೆ ಹೊಸ ಅಕ್ಷರದ ಬಲಭಾಗವನ್ನಷ್ಟೇ ಸೂಚಿಸಿದರೆ ಎಡದ ಹಳೆಯ ‘ಗ್’ ಅಳಿಯದೆ ಉಳಿಯುವುದು. ಆಳವನ್ನು ಕಿರಿದಾಗಿ ಎಣಿಸಿದರೆ ಸಾಲಿನ ಕೆಳಗಿಳಿವ ಒತ್ತು ಕತ್ತರಿಸಿಹೋಗಿ, ಶಿಗ್ಗಾವಿಯು ‘ಶಿಗಾವಿ’ ಎಂದು ಕಾಣುವುದು. ಆದುದರಿಂದ ಕಡೆಯ ಅಕ್ಷರವನ್ನು ಇಡಿಯಾಗಿ, ಒತ್ತಿನ ಆಳಸಹಿತ ಸೂಚಿಸತಕ್ಕದ್ದು.