ತಾಡಪ್ರತಿಗಳ ಛಾಯಾಗ್ರಹಣಕ್ಕೆ ಮೊದಲ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ: ಆಯ್ಕೆಯ ವಿಚಾರ

1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲ ಸಂಪುಟ ಅಚ್ಚಾದಾಗ ಸಂಪಾದಕರ ಮುಂದೆ ಇದ್ದುದು ಮೂಡುಬಿದಿರೆಯ ತಾಡಪ್ರತಿಗಳಲ್ಲ, ಅವುಗಳಿಂದ ಇಳಿದುಬಂದ ಕಾಗದದ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಶಬ್ದ ಆ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಅರ್ಥವನ್ನು ನೋಡಿದರೆ ಅದು ಇರಬೇಕೆಂದು ಸಂಪಾದಕರು ಸೂಚಿಸಿದರು. ಅದರ ಮೇಲೆ ದೀರ್ಘವಾದ ವಾದವೇ ನಡೆಯಿತು. ತರುವಾಯ ಮೂಡುಬಿದಿರೆಯ ಓಲೆಯನ್ನು ತೆರೆದು ನೋಡಿದಾಗ ಆ ಶಬ್ದ ಅಲ್ಲಿ ಇತ್ತು. ಈ ಸಂಗತಿ ವಿದ್ವಾಂಸರಿಗೆ ಹೊಸದಲ್ಲ. ಓಲೆಯ ಮುಖವನ್ನು ಇದ್ದದ್ದು ಇದ್ದಂತೆ ದೂರದ ಸಂಪಾದಕನ ಮೇಜಿನ ಮೇಲೆ ಇರಿಸುವ ಸಾಧನ ಆಗ ಕೈಗೆ ಸಿಕ್ಕಿದ್ದರೆ ಆ ವಾದದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನು ನೆನಪಿಸುವುದಷ್ಟೇ ಇಲ್ಲಿಯ ಉದ್ದೇಶ. ಇಂದು ಆ ಸಾಧನ ಸಣ್ಣ ಸಂಸ್ಥೆಗಳಿಗೂ, ಒಬ್ಬೊಬ್ಬ ಪಂಡಿತರಿಗೂ ಎಟಕುವಂತಿದೆ. ಆದರೆ ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಅಂಗಡಿಯವನ ಮಾತಿನಿಂದ ಆರಂಭಿಸುತ್ತಾರೆ. ಆರಂಭಿಸಬೇಕಾದುದು ಓಲೆಯಿಂದ, ಇನ್ನೂ ಖಚಿತವಾಗಿ ಹೇಳುವುದಾದರೆ ಓಲೆಯ ಮೇಲಿನ ಸೊನ್ನೆಯಿಂದ.

ಕನ್ನಡ ಲಿಪಿಯ ಪ್ರಾಕೃತ ತಾಡಪ್ರತಿಗಳಲ್ಲಿ ಸೊನ್ನೆಗೆ ಎರಡು ಕೆಲಸಗಳುಂಟು. ಒಂದು ಅನುಸ್ವಾರ, ಇನ್ನೊಂದು, ಮುಂದಿನ ವ್ಯಂಜನ ದ್ವಿತ್ವವೆಂಬ ಸೂಚನೆ. ‘ಸಂತ’ ಎಂದು ಬರೆದುದನ್ನು ಸಂದರ್ಭಾನುಸಾರ ‘ಸಂತ’ ಎಂದೂ ‘ಸತ್ತ’ ಎಂದೂ ಓದಬೇಕಾಗುತ್ತದೆ; ಸೊನ್ನೆ ಕಾಣದೆ ಹೋದರೆ ಎರಡೂ ಹೋಗಿ ‘ಸತ’ ಉಳಿಯುತ್ತದೆ. ಇಷ್ಟು ಭಾರ ಹೊತ್ತ ಈ ಚಿಹ್ನೆ ಓಲೆಯ ಮೇಲೆ ಎಷ್ಟೋ ಸಲ ಅರ್ಧ ಮಿಲಿಮೀಟರ್ ಅಗಲಕ್ಕಿಂತ ಹೆಚ್ಚಿರುವುದಿಲ್ಲ. ಹುಳು ಕೊರೆದ ರಂಧ್ರವೂ ಹೆಚ್ಚುಕಡಿಮೆ ಅದೇ ಗಾತ್ರದ್ದು. ಸೊನ್ನೆಯನ್ನು ಸೊನ್ನೆಯೆಂದೂ ರಂಧ್ರವನ್ನು ರಂಧ್ರವೆಂದೂ ತೋರಿಸಬಲ್ಲ ಚಿತ್ರ ಬೇಕು. ಕ್ಯಾಮೆರಾದ ಆಯ್ಕೆಗೆ ಇದೇ ಒರೆಗಲ್ಲು.

ಮೊದಲು ಪಿಕ್ಸೆಲ್‌ಗಳ ಲೆಕ್ಕ. ಓಲೆ ಉದ್ದವಾದುದು, ಅಗಲ ಕಡಿಮೆಯಾದುದು. ಆದುದರಿಂದ ಜಾಹೀರಾತಿನ ‘ಮೆಗಾಪಿಕ್ಸೆಲ್’ ಸಂಖ್ಯೆಯಿಂದ ನೇರವಾಗಿ ಏನೂ ತಿಳಿಯದು. ಚಿತ್ರದ ಉದ್ದನೆಯ ಬದಿಯಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದನ್ನೇ ಕೇಳಬೇಕು. 2003ರಲ್ಲಿ ಬಂದು ಡಿಎಸ್‌ಎಲ್‌ಆರನ್ನು ಸಾಮಾನ್ಯರಿಗೆ ಮುಟ್ಟಿಸಿದ ಕ್ಯಾನನ್ 300ಡಿಯಲ್ಲಿ ಅವು 3072. ಅದರಲ್ಲಿ 60 ಸೆಂಟಿಮೀಟರ್ ಉದ್ದದ ಓಲೆಯನ್ನು ಒಂದೇ ಚಿತ್ರದಲ್ಲಿ ಹಿಡಿದರೆ ಒಂದು ಮಿಲಿಮೀಟರಿಗೆ ಸುಮಾರು 5 ಪಿಕ್ಸೆಲ್ ದೊರೆಯುತ್ತವೆ. ಅರ್ಧ ಮಿಲಿಮೀಟರ್ ಸೊನ್ನೆಗೆ ಎರಡೋ ಮೂರೋ. ಅದು ಸೊನ್ನೆಯೋ ಕಲೆಯೋ ಹೇಳಲಾಗದು. ನಿಕಾನ್ ಡಿ5600, ಕ್ಯಾನನ್ 200ಡಿ ಮೊದಲಾದ 24 ಮೆಗಾಪಿಕ್ಸೆಲ್ ಮಾದರಿಗಳಲ್ಲಿ ಉದ್ದನೆಯ ಬದಿ 6000 ಪಿಕ್ಸೆಲ್. ಇವುಗಳಲ್ಲಿಯೂ ಇಡೀ ಓಲೆಯನ್ನು ಒಮ್ಮೆಗೆ ಹಿಡಿದರೆ ಸೊನ್ನೆಗೆ ಸಿಗುವುದು ಐದೇ ಪಿಕ್ಸೆಲ್. ಅದೇ ಓಲೆಯನ್ನು ನಡುವೆ ನಾಲ್ಕು ಅಂಗುಲದಷ್ಟು ಒಂದರ ಮೇಲೊಂದು ಬರುವಂತೆ ಎರಡು ಭಾಗವಾಗಿ ಹಿಡಿದರೆ ಎಂಟರಿಂದ ಒಂಬತ್ತು ಪಿಕ್ಸೆಲ್ ಆಗುತ್ತವೆ. ಸೊನ್ನೆಯ ಉಂಗುರವೂ ಅದರ ಒಳಗಿನ ಬಯಲೂ ಬೇರೆಬೇರೆಯಾಗಿ ಕಾಣತೊಡಗುತ್ತವೆ. 2017ರ ನಿಕಾನ್ ಡಿ850ರಂತಹ 8256 ಪಿಕ್ಸೆಲ್ ಉದ್ದದ ಕ್ಯಾಮೆರಾ ಇದ್ದರೆ ಒಳ್ಳೆಯದು. ಆದರೆ ಮೊದಲ ಕ್ಯಾಮೆರಾಕ್ಕೆ ಅಷ್ಟು ಹಣ ಸುರಿಯುವುದು ಅನಾವಶ್ಯಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಎರಡು ಸಲ ಹಿಡಿಯುವ ತಾಳ್ಮೆಯೇ ಸಾಕು.

ಕನ್ನಡಿಯ ವಿಚಾರ. ಎಸ್‌ಎಲ್‌ಆರ್ ಎಂದರೆ ಒಂದೇ ಮಸೂರದಿಂದ ಬಂದ ಬೆಳಕನ್ನು ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುವ ಕ್ಯಾಮೆರಾ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಜಿಗಿಯುತ್ತದೆ. ಆ ಪೆಟ್ಟಿನ ಕಂಪನ ಕಾಡುವುದು ಸೆಕೆಂಡಿನ ಹದಿನೈದನೆಯ ಒಂದು ಭಾಗದಿಂದ ಒಂದು ಸೆಕೆಂಡಿನವರೆಗಿನ ಅವಧಿಯ ಚಿತ್ರಗಳಲ್ಲಿ. ತಗ್ಗು ಬೆಳಕಿನಲ್ಲಿ ಓಲೆಯನ್ನು ಹಿಡಿಯುವ ಅವಧಿಯೂ ಅದೇ! ಆದುದರಿಂದ ಕನ್ನಡಿಯನ್ನು ಮೊದಲೇ ಎತ್ತಿಟ್ಟು ಕ್ಷಣ ಬಿಟ್ಟು ಚಿತ್ರ ತೆಗೆಯುವ ಸೌಕರ್ಯ, ಮುಟ್ಟದೆ ದೂರದಿಂದ ಚಾಲಿಸುವ ತಂತಿಗೆ ಜಾಗ, ಗಣಕಯಂತ್ರಕ್ಕೆ ಜೋಡಿಸಿ ಪರದೆಯ ಮೇಲೆ ಅಕ್ಷರವನ್ನು ಹತ್ತುಪಟ್ಟು ಹಿಗ್ಗಿಸಿ ನೋಡುವ ವ್ಯವಸ್ಥೆ, ಈ ಮೂರನ್ನು ಕೊಳ್ಳುವ ಮುನ್ನವೇ ಕೇಳಿ ತಿಳಿಯತಕ್ಕುದು. ತೀರ ಕೆಳದರ್ಜೆಯ ಕೆಲವು ಮಾದರಿಗಳಲ್ಲಿ ಇವುಗಳಲ್ಲೊಂದು ಇರುವುದಿಲ್ಲ. ಗಣಕಯಂತ್ರದ ಜೋಡಣೆಗೆ ಬೇಕಾದ ತಂತ್ರಾಂಶವನ್ನು ಕ್ಯಾನನ್ ತನ್ನ ಡಿಎಸ್‌ಎಲ್‌ಆರ್‌ಗಳೊಂದಿಗೆ ಉಚಿತವಾಗಿಯೇ ಕೊಡುತ್ತ ಬಂದಿದೆ.

2020ರ ತರುವಾಯ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಮಾದರಿ ಹೊರತಂದಿಲ್ಲ. ಅವುಗಳ ಗಮನ ಕನ್ನಡಿಯಿಲ್ಲದ ಕ್ಯಾಮೆರಾಗಳ ಕಡೆಗೆ ಹೊರಳಿದೆ. ಅಲುಗದ ಓಲೆಯನ್ನು ಹಿಡಿಯುವವರಿಗೆ ಇದರಿಂದ ನಷ್ಟವಿಲ್ಲ, ಲಾಭವೇ ಉಂಟು. ಇತರರು ಬಿಟ್ಟುಕೊಟ್ಟ ಒಳ್ಳೆಯ ಕ್ಯಾಮೆರಾಗಳು ಬಳಸಿದ ಸರಕಾಗಿ ಕಡಿಮೆ ಬೆಲೆಗೆ ದೊರೆಯುತ್ತಿವೆ. ಹಾಗೆ ಕೊಳ್ಳುವಾಗ ಶಟರ್ ಎಷ್ಟು ಸಲ ತೆರೆದಿದೆ ಎಂಬ ಎಣಿಕೆಯನ್ನು ನೋಡಬೇಕು. ಆರಂಭಿಕ ವರ್ಗದ ಶಟರುಗಳ ಬಾಳಿಕೆಯನ್ನು ಸಾಮಾನ್ಯವಾಗಿ 1,00,000 ಚಿತ್ರಗಳಷ್ಟೆಂದು ಎಣಿಸುತ್ತಾರೆ. 200 ಗರಿಗಳ ಒಂದು ಕಟ್ಟು, ಎರಡು ಮುಖ, ಮುಖಕ್ಕೆ ಎರಡು ಭಾಗ ಎಂದರೆ 800 ಚಿತ್ರಗಳು; ಒಂದು ಕ್ಯಾಮೆರಾ 125 ಕಟ್ಟುಗಳನ್ನು ಮುಗಿಸೀತು. ಸಣ್ಣ ಭಂಡಾರವೊಂದಕ್ಕೆ ಅದು ಅಲ್ಪವಲ್ಲ.

ಹಣದ ದೊಡ್ಡ ಪಾಲು ಹೋಗಬೇಕಾದುದು ಕ್ಯಾಮೆರಾದ ಒಡಲಿಗಲ್ಲ, ಮಸೂರಕ್ಕೆ ಮತ್ತು ಸ್ಟ್ಯಾಂಡಿಗೆ. ಕ್ಯಾಮೆರಾದ ಜೊತೆಗೆ ಬರುವ ಜೂಮ್ ಮಸೂರ ಓಲೆಯ ನೇರವಾದ ಅಂಚನ್ನು ಬಿಲ್ಲಿನಂತೆ ಬಾಗಿಸುತ್ತದೆ; ಎರಡು ಭಾಗಗಳನ್ನು ಕೂಡಿಸುವಾಗ ಸಾಲುಗಳು ಹೊಂದುವುದಿಲ್ಲ. 40 ಅಥವಾ 60 ಮಿಲಿಮೀಟರಿನ ಸ್ಥಿರ ಮ್ಯಾಕ್ರೋ ಮಸೂರವೊಂದನ್ನು ಕೊಳ್ಳುವುದು ಯುಕ್ತ. 60 ಮಿಲಿಮೀಟರ್ ಮಸೂರದಿಂದ ಅರ್ಧ ಓಲೆಯನ್ನು ಹಿಡಿಯಲು ಸುಮಾರು ಒಂದು ಮೀಟರ್ ಎತ್ತರ ಬೇಕು; ಪೂರ್ತಿ ಓಲೆಗೆ ಒಂದೂವರೆ ಮೀಟರಿಗೂ ಹೆಚ್ಚು. ಅಷ್ಟು ಎತ್ತರದ ಕಾಪಿ ಸ್ಟ್ಯಾಂಡ್ ಸುಲಭವಾಗಿ ಸಿಗುವುದಿಲ್ಲ. ಎರಡು ಭಾಗವಾಗಿ ಹಿಡಿಯಲು ಇದು ಮತ್ತೊಂದು ಕಾರಣ. ಕ್ಯಾಮೆರಾ ಹಲಗೆಗೆ ಸಮಾನಾಂತರವಾಗಿದೆಯೇ ಎಂದು ಪರೀಕ್ಷಿಸಲು ಹಲಗೆಯ ಮೇಲೆ ಸಾದಾ ಮುಖಗನ್ನಡಿಯೊಂದನ್ನು ಇಟ್ಟರೆ ಸಾಕು: ಮಸೂರದ ಪ್ರತಿಬಿಂಬ ಚಿತ್ರದ ನಟ್ಟನಡುವೆ ಕಂಡರೆ ಎಲ್ಲವೂ ಸರಿಯಾಗಿದೆ.

ಬೆಳಕಿನಲ್ಲಿಯೇ ಪಾಠ ನಿರ್ಣಯವಾಗುವುದು. ಶಾಯಿಯಿಂದ ಬರೆದ ಓಲೆಗೆ ಎರಡೂ ಪಕ್ಕಗಳಿಂದ ಸಮನಾದ ಬೆಳಕು ಸಾಕು. ಕಂಠದಿಂದ ಕೊರೆದ ಓಲೆಗೆ ಹಾಗೆ ಮಾಡಿದರೆ ಗೀರಿನ ಆಳ ಅಳಿಸಿಹೋಗುತ್ತದೆ. ಒಂದೇ ಪಕ್ಕದಿಂದ ತಗ್ಗಾಗಿ ಬೆಳಕು ಬೀರಿದರೆ ಗೀರಿನ ಒಂದು ಅಂಚು ನೆರಳಾಗಿ, ಇನ್ನೊಂದು ಹೊಳೆದು, ಕಾಡಿಗೆ ಉದುರಿದ ಅಕ್ಷರವೂ ಎದ್ದು ಕಾಣುತ್ತದೆ. ಓಲೆಯ ಕೆಳಗೆ ಕಪ್ಪು ಬಟ್ಟೆ ಹಾಸುವ ರೂಢಿ ಹಲವೆಡೆ ಉಂಟು. ನೋಡಲು ಅಂದವೇನೋ ಹೌದು, ಆದರೆ ಹುಳು ಕೊರೆದ ರಂಧ್ರದಲ್ಲಿ ಕಪ್ಪು ತೋರಿ ಅದು ಕಾಡಿಗೆ ತುಂಬಿದ ಸೊನ್ನೆಯಂತೆ ಕಾಣುತ್ತದೆ. ತಿಳಿನೀಲಿಯ ಕಾಗದ ಹಾಸಿದರೆ ರಂಧ್ರ ನೀಲಿಯಾಗಿ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಬಿಸಿಯಾಗುವ ಹ್ಯಾಲೋಜನ್ ದೀಪಗಳನ್ನು ಓಲೆಯ ಹತ್ತಿರ ತರಲೇಬಾರದು. ಎಲ್‌ಇಡಿ ದೀಪಗಳೇ ತಕ್ಕವು.

ಕ್ಯಾಮೆರಾ ಎಲ್ಲಿಗೆ ಹೋಗಬೇಕಾದೀತು ಎಂಬುದನ್ನೂ ಎಣಿಸಬೇಕು. 1948ರಲ್ಲಿ ಪ್ರಕಟವಾದ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಕರಾವಳಿಯ ಭಂಡಾರಗಳ ಸಂಪತ್ತನ್ನು ತೋರಿಸಿಕೊಟ್ಟಿತು. ಅಲ್ಲಿ ಕ್ಯಾಮೆರಾಕ್ಕೆ ಶತ್ರು ತೇವ. ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಪೂರ್ವೋತ್ತರದ ಸೀಮೆಯ ಕಷ್ಟ ಬೇರೆ. ರಾಷ್ಟ್ರಕೂಟರ ಮಾನ್ಯಖೇಟವಿದ್ದ ಮಳಖೇಡ, ಅದಕ್ಕೆ ನೆರೆಯಾದ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಇವೆಲ್ಲ ಎರೆಮಣ್ಣಿನ ನಾಡು. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಊರಿನ ಮನೆಯೊಂದರಲ್ಲಿ ಓಲೆಯ ಕಟ್ಟು ಇದೆಯೆಂಬ ಸುದ್ದಿ ಬಂದು ಅಲ್ಲಿಗೆ ಹೋಗಬೇಕಾಯಿತೆಂದು ಭಾವಿಸೋಣ. ದಪ್ಪ ಗೋಡೆಯ ಮಾಳಿಗೆ ಮನೆ. ಪಡಸಾಲೆಗೆ ಬೆಳಕಿಂಡಿಯಿಂದ ಬರುವಷ್ಟೇ ಬೆಳಕು. ವಿದ್ಯುತ್ತು ಯಾವಾಗ ಹೋಗುವುದೋ ತಿಳಿಯದು. ಮನೆಯವರು ಕಟ್ಟನ್ನು ಬಿಚ್ಚಲು ಒಪ್ಪುವುದು ಒಂದೇ ದಿನದ ಮಟ್ಟಿಗೆ ಇದ್ದೀತು. ಎರಡನೆಯ ಸಲ ಹೋಗುವಾಗ ಕಟ್ಟು ಅಲ್ಲಿರುತ್ತದೆಂಬ ಭರವಸೆಯಿಲ್ಲ. ಅಲ್ಲಿಗೆ ಬ್ಯಾಟರಿಯಿಂದ ಉರಿಯುವ ದೀಪಗಳೂ ಕ್ಯಾಮೆರಾಕ್ಕೆ ಕನಿಷ್ಠ ಮೂರು ಬ್ಯಾಟರಿಗಳೂ ಬೇಕು. ಪರದೆಯನ್ನು ಸದಾ ಬೆಳಗಿಸಿಟ್ಟರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಎಸ್‌ಎಲ್‌ಆರ್‌ನ ಕನ್ನಡಿ ಇಂಥಲ್ಲಿ ಉಪಕಾರಕ್ಕೆ ಬರುತ್ತದೆ, ಏಕೆಂದರೆ ಕಣ್ಣಿನಿಂದ ನೋಡಿ ಹೊಂದಿಸಲು ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಬೇಸಿಗೆಯ ಒಣಹವೆಯಲ್ಲಿ ಗರಿಗಳು ಪೆಡಸಾಗಿ, ಬಿಡಿಸಿದರೆ ಸೀಳುವ ಸಂಭವ ಹೆಚ್ಚು. ಶ್ರುತಪಂಚಮಿಗೆ ಕಟ್ಟುಗಳನ್ನು ಹೊರತೆಗೆಯುವುದರಿಂದ ಅಂದೇ ಛಾಯಾಗ್ರಹಣವನ್ನೂ ಮುಗಿಸೋಣವೆಂದು ಕೆಲವರು ಹೇಳುವುದುಂಟು. ಆದರೆ ಜ್ಯೇಷ್ಠದ ಆ ಬಿಸಿಲು ಈ ಸೀಮೆಯ ಓಲೆಗೆ ಒಳ್ಳೆಯದಲ್ಲ. ಮಳೆ ಬಿದ್ದು ಹವೆ ತಂಪಾದ ಮೇಲೆ ಹೋಗುವುದೇ ಲೇಸು. ಸುರುಳಿಗೊಂಡ ಗರಿಯನ್ನು ಗಾಜಿನಿಂದ ಅದುಮಿ ಚಪ್ಪಟೆ ಮಾಡುವುದು ಸಲ್ಲದು. ದ್ಯುತಿರಂಧ್ರವನ್ನು ಎಫ್/8ರ ಸುತ್ತ ಇಟ್ಟರೆ ಸಣ್ಣ ಏರಿಳಿತಗಳು ಸ್ಫುಟವಾಗಿಯೇ ಬರುತ್ತವೆ.

ಕಪ್ಪಾಗಿ ಓದಲಾರದ ಓಲೆಗಳಿಗೆ ಇನ್ನೊಂದು ಉಪಾಯವಿದೆ. ಮಧ್ವಾಚಾರ್ಯರ 36 ಕೃತಿಗಳನ್ನೊಳಗೊಂಡ ಸರ್ವಮೂಲ ಗ್ರಂಥದ ತಾಡಪ್ರತಿಯನ್ನು 2006ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ ಉಡುಪಿಯಲ್ಲಿ ಅವಗೆಂಪು ಶೋಧಕದ ಮೂಲಕ ಚಿತ್ರಿಸಿತು. ಕಾಡಿಗೆ ಅವಗೆಂಪು ಕಿರಣವನ್ನು ಹೀರುತ್ತದೆ, ಮಾಸಿದ ಓಲೆ ಅದನ್ನು ಮರಳಿಸುತ್ತದೆ. ಹೀಗಾಗಿ ಅಕ್ಷರ ಕಪ್ಪಾಗಿ, ಓಲೆ ಬೆಳ್ಳಗೆ ಬೇರ್ಪಡುತ್ತವೆ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಸಂವೇದಕದ ಮುಂದೆ ಅವಗೆಂಪನ್ನು ತಡೆಯುವ ಗಾಜೊಂದಿರುತ್ತದೆ. ಬಳಸಿದ ಹಳೆಯ ಒಡಲೊಂದರಿಂದ ಆ ಗಾಜನ್ನು ತೆಗೆಸಿ ಈ ಕೆಲಸಕ್ಕೆಂದೇ ಇಟ್ಟುಕೊಳ್ಳಬಹುದು. ಮೊದಲ ಕ್ಯಾಮೆರಾಕ್ಕೇ ಹೀಗೆ ಮಾಡಿಸುವುದು ಬೇಡ, ಬಣ್ಣಗಳೆಲ್ಲ ಕೆಟ್ಟುಹೋಗುತ್ತವೆ. ಗೀರಿನಲ್ಲಿ ಕಾಡಿಗೆಯೇ ಉಳಿಯದ ಓಲೆಗೆ ಅವಗೆಂಪಿನಿಂದಲೂ ಪ್ರಯೋಜನವಿಲ್ಲ. ಅಲ್ಲಿ ಮತ್ತೆ ಓರೆಬೆಳಕೇ ಗತಿ.

ಕೊನೆಯದಾಗಿ, ರಂಧ್ರವೂ ಅಲ್ಲದ, ಲಿಪಿಕಾರನ ಕೈಯದೂ ಅಲ್ಲದ ಮೂರನೆಯ ಬಗೆಯ ಸೊನ್ನೆಯೊಂದುಂಟು. ಮಸೂರ ಬದಲಿಸುವಾಗ ಎರೆಮಣ್ಣಿನ ಧೂಳಿನ ಕಣ ಸಂವೇದಕದ ಮೇಲೆ ಕುಳಿತರೆ ಪ್ರತಿಯೊಂದು ಚಿತ್ರದಲ್ಲಿಯೂ ಒಂದೇ ಸ್ಥಳದಲ್ಲಿ ಮಸುಕಾದ ಚುಕ್ಕೆ ಬೀಳುತ್ತದೆ. ದ್ಯುತಿರಂಧ್ರ ಎಫ್/16ಕ್ಕೆ ಕಿರಿದಾದರೆ ಇನ್ನೂ ಕಪ್ಪಾಗುತ್ತದೆ. ಒಂದು ಗರಿಯಲ್ಲಿ ಅದು ‘ಸತ’ವನ್ನು ‘ಸಂತ’ ಮಾಡೀತು, ಇನ್ನೊಂದರಲ್ಲಿ ಅಂಚಿನ ಬರಿಯ ಜಾಗದಲ್ಲಿ ಬಿದ್ದೀತು. ಆದುದರಿಂದ ಮಸೂರವನ್ನು ಹಳ್ಳಿಯಲ್ಲಿ ಬದಲಿಸಲೇಬಾರದು. ದಿನದ ಮೊದಲಲ್ಲಿಯೂ ಕೊನೆಯಲ್ಲಿಯೂ ಬಿಳಿಯ ಹಾಳೆಯೊಂದರ ಚಿತ್ರ ತೆಗೆದು, ಕಟ್ಟಿನ ಸಂಖ್ಯೆ ಬರೆದು, ಗರಿಗಳ ಚಿತ್ರಗಳ ಜೊತೆಗೇ ಇಡಬೇಕು. ಸಂದೇಹ ಬಂದ ಸಂಪಾದಕ ಆ ಬಿಳಿಯ ಚಿತ್ರವನ್ನು ಗರಿಯ ಚಿತ್ರದ ಪಕ್ಕದಲ್ಲಿಟ್ಟು ಚುಕ್ಕೆ ಎಲ್ಲಿಯದೆಂದು ತಾನೇ ನೋಡಿಕೊಳ್ಳಬಹುದು.