ಕಡಲಾಚೆಗೆ ಮನೆ ಸಾಗಿಸುವಾಗ

ಹಾಸನದಿಂದ ಅರಸೀಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು ಹತ್ತು ಕಿಲೋಮೀಟರು ಸಾಗಿ ಪಕ್ಕಕ್ಕೆ ತಿರುಗಿದರೆ ಕೊರವಂಗಲ ಸಿಕ್ಕುವುದು. ಎರಡನೆಯ ವೀರಬಲ್ಲಾಳನು ಪಟ್ಟಕ್ಕೆ ಬಂದ 1173ರಲ್ಲಿ ಬೂಚಿರಾಜನೆಂಬ ಅಧಿಕಾರಿಯು ಕಟ್ಟಿಸಿದ ಬೂಚೇಶ್ವರ ದೇವಾಲಯದಿಂದ ಈ ಊರು ಹೆಸರಾಗಿದೆ. ಆ ದೇವಾಲಯವನ್ನು ನೋಡಲು ಹೊರದೇಶದವರು ಬರುವುದುಂಟು. ಆ ಊರಿನಿಂದ ಹೊರದೇಶಕ್ಕೆ ಹೊರಟ ಒಂದು ಮನೆಯ ಸಾಮಾನಿನ ಕಥೆಯನ್ನು ವಾಚಕರಿಗೆ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶ.

ನನ್ನ ತಂಗಿ ಮದುವೆಯಾಗಿ ಆ ಊರಿಗೆ ಬಂದು ನಲವತ್ತೊಂದು ವರ್ಷವಾಗಿತ್ತು. ಯಜಮಾನರು ತೀರಿಕೊಂಡ ಮೇಲೆ ಆಕೆ ಒಬ್ಬಳೇ ಆ ತೊಟ್ಟಿಮನೆಯಲ್ಲಿದ್ದಳು. ಒಬ್ಬನೇ ಮಗ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಉದ್ಯೋಗಸ್ಥ. ತಾಯಿಯು ಅಲ್ಲಿಯೇ ನೆಲೆಸಲು ಅನುಮತಿ ಕೋರಿ, ವರ್ಷಗಟ್ಟಲೆ ಕಾದ ಮೇಲೆ, ಕಳೆದ ವರ್ಷ ಅದು ದೊರೆಯಿತು. ಅನುಮತಿ ಬಂದ ದಿನ ಆಕೆ ನನ್ನನ್ನು ಕರೆಸಿ, ಅಟ್ಟದ ಕಡೆ ಕೈತೋರಿಸಿ, “ಅಣ್ಣಯ್ಯ, ಇದನ್ನೆಲ್ಲ ಏನು ಮಾಡಲಿ?” ಎಂದಳು. ನನಗೆ ಉತ್ತರ ತೋರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಮನೆ ಬಿಡುವುದು ಹೊಸದೇನೂ ಅಲ್ಲ. 1979ರಲ್ಲಿ ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟೆ ಮುಗಿದಾಗ ಎಷ್ಟೋ ಹಳ್ಳಿಗಳವರು ಮನೆಮಠಗಳನ್ನು ನೀರಿಗೆ ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಸಮುದ್ರಯಾನವೂ ಹೊಸದಲ್ಲ. ಅದೇ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕಕ್ಕೆ ಹೋಗಿಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಎಂಬ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಎಲ್ಲರಿಗೂ ತಿಳಿದೇ ಇದೆ. ಆದರೆ ಹೋಗಿ ಬರುವವರಿಗೆ ಒಂದು ಪೆಟ್ಟಿಗೆ ಸಾಕು. ಹೋಗಿ ಅಲ್ಲಿಯೇ ಇರುವವರ ಸಂಕಟ ಬೇರೆ.

ಮೊದಲು ಅಳತೆಯ ಮಾತು. ಹಡಗಿನವರು ಮನೆಯ ಸಾಮಾನನ್ನು ಸಾಮಾನ್ಯವಾಗಿ ತೂಕದಿಂದಲ್ಲ, ಅದು ಹಿಡಿಯುವ ಜಾಗದಿಂದ ಎಣಿಸುತ್ತಾರೆ. ಲೆಕ್ಕವು ಘನಮೀಟರಿನದು. ಉದ್ದ, ಅಗಲ, ಎತ್ತರ ಮೂರೂ 45 ಸೆಂಟಿಮೀಟರು ಇರುವ ರಟ್ಟಿನ ಪೆಟ್ಟಿಗೆಗಳು ಹನ್ನೊಂದು ಸೇರಿದರೆ ಸುಮಾರು ಒಂದು ಘನಮೀಟರಾಗುವುದು. ಕಂಟೈನರೆಂದು ಕರೆಯುವ ಕಬ್ಬಿಣದ ದೊಡ್ಡ ಪೆಟ್ಟಿಗೆಗಳಲ್ಲಿ ಇಪ್ಪತ್ತು ಅಡಿಯದರ ಒಳಜಾಗ ಸುಮಾರು 33 ಘನಮೀಟರು, ನಲವತ್ತು ಅಡಿಯದರದು ಸುಮಾರು 67. ಇವು ಬಂದುದರಿಂದಲೇ ಸಾಮಾನ್ಯ ಗೃಹಸ್ಥನು ತನ್ನ ಪಾತ್ರೆಪಡಗಗಳನ್ನು ಸಮುದ್ರ ದಾಟಿಸಲು ಸಾಧ್ಯವಾಗಿದೆ. 1956ರ ಏಪ್ರಿಲಿನಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕದ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಇಂಥ 58 ಪೆಟ್ಟಿಗೆಗಳನ್ನು ಹೊತ್ತು ಹೋಯಿತು. ಅದಕ್ಕೆ ಮುಂಚೆ ಬಂದರಿನ ಕೂಲಿಗಳು ಒಂದೊಂದು ಮೂಟೆಯನ್ನೂ ಬಿಡಿಬಿಡಿಯಾಗಿ ಹೊತ್ತು ಹಡಗಿಗೆ ತುಂಬಬೇಕಾಗಿತ್ತು. ಪೂರ್ತಿ ಕಂಟೈನರು ಬೇಡದವರಿಗೆ, ಹಲವು ಮನೆಗಳ ಸಾಮಾನನ್ನು ಒಂದರಲ್ಲೇ ಸೇರಿಸಿ ಕಳುಹಿಸುವ ಏರ್ಪಾಡೂ ಉಂಟು. ಅದರಲ್ಲಿ ಖರ್ಚು ಕಡಿಮೆ, ಕಾಯುವಿಕೆ ಹೆಚ್ಚು.

ನನ್ನ ತಂಗಿಯು ಮೊದಲ ದಿನ ಬರೆಸಿದ ಪಟ್ಟಿಯನ್ನು ಲೆಕ್ಕಹಾಕಿದಾಗ ಹದಿನೆಂಟು ಘನಮೀಟರಾಯಿತು. ಎರಡು ಹಂಡೆ, ಒಂದು ಕೊಪ್ಪರಿಗೆ, ಒರಳುಕಲ್ಲು, ಬೀಟೆಮರದ ಮಂಚ, ಎರಡು ದೀಪದ ಕಂಬ, ಈಳಿಗೆಮಣೆ, ಮೊರಗಳು, ಮಾವನವರ ಕಾಲದ ಓಲೆಗರಿಯ ಕಟ್ಟು, ಗೋಡೆಯ ಮೇಲಿನ ಜಿಂಕೆಯ ಕೊಂಬು, ಹೀಗೆ ಬೆಳೆದಿತ್ತು. ಮಗನು ದೂರವಾಣಿಯಲ್ಲಿ, “ಅಮ್ಮ, ನಮ್ಮ ಮನೆಯಲ್ಲಿ ಇರುವುದು ಮೂರು ಕೋಣೆ” ಎಂದನು. ಆಕೆ ಎರಡು ದಿನ ಆ ಪಟ್ಟಿಯನ್ನು ಮುಟ್ಟಲಿಲ್ಲ.

ನಾವು ಕಲಿತ ದೊಡ್ಡ ಪಾಠವೆಂದರೆ, ಯಾವುದು ಹೋಗಬಹುದು ಎಂಬುದನ್ನು ಬಂದರಿನಲ್ಲಿ ಅಲ್ಲ, ಅಟ್ಟದ ಮೇಲೆಯೇ ನಿಶ್ಚಯಿಸಬೇಕೆಂಬುದು. ಹಳೆಯ ಮನೆಗಳಿಗೆ ಇದು ಮುಖ್ಯ. 1972ರ ಪುರಾತನ ವಸ್ತುಗಳ ಕಾನೂನು 1976ರ ಏಪ್ರಿಲಿನಿಂದ ಜಾರಿಯಲ್ಲಿದೆ. ಚಾರಿತ್ರಿಕವಾಗಿಯೋ ಕಲೆಯ ದೃಷ್ಟಿಯಿಂದಲೋ ಗಣ್ಯವಾದ ವಸ್ತುವು ನೂರು ವರ್ಷಕ್ಕೆ ಕಡಿಮೆಯಿಲ್ಲದ್ದಾದರೆ, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಿಗೆ ಎಪ್ಪತ್ತೈದು ವರ್ಷವೇ ಸಾಕು. ತಪ್ಪಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆಯೂ ದಂಡವೂ ವಿಧಿಸಲ್ಪಟ್ಟಿವೆ. ವಸ್ತುವು ತಮ್ಮ ಸ್ವಂತದ್ದು, ಅಜ್ಜನಿಂದ ಬಂದದ್ದು ಎಂಬ ಉತ್ತರ ಇಲ್ಲಿ ನಡೆಯದು. ಸಂಶಯವಿದ್ದರೆ ಭಾರತೀಯ ಪುರಾತತ್ತ್ವ ಇಲಾಖೆಯವರಿಗೆ ತೋರಿಸಿ, ಇದು ಪುರಾತನ ವಸ್ತುವಲ್ಲವೆಂದು ಪ್ರಮಾಣಪತ್ರ ಪಡೆಯತಕ್ಕದ್ದು.

ಸಾಮಾನು ಕಟ್ಟಲು ಬಂದವರಲ್ಲಿ ಒಬ್ಬನು, “ಓಲೆಗರಿಯನ್ನು ಸೀರೆಗಳ ಮಧ್ಯೆ ಇಟ್ಟುಬಿಡಿ, ಯಾರು ನೋಡುತ್ತಾರೆ?” ಎಂದನು. ನನ್ನ ತಂಗಿ ಆ ಮಾತಿಗೆ ಉತ್ತರ ಕೊಡದೆ ಕಟ್ಟನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ದೀಪದ ಕಂಬಗಳ ವಿಷಯ ಬೇರೆಯಾಯಿತು. ಒಂದು ಆಕೆಯ ಅತ್ತೆಯವರ ಮದುವೆಗೆ ಕೊಂಡದ್ದು, ವಯಸ್ಸು ಗೊತ್ತಿದ್ದದ್ದು. ಇನ್ನೊಂದರ ಕಾಲ ಮನೆಯಲ್ಲಿ ಯಾರಿಗೂ ತಿಳಿಯದು. ಮೊದಲನೆಯದಕ್ಕೆ ಮಾತ್ರ ಪ್ರಮಾಣಪತ್ರ ಬೇಡಿ ಪಡೆದೆವು. ಎರಡನೆಯದು ಈಗ ನನ್ನ ಮನೆಯ ದೇವರ ಮುಂದೆ ಇದೆ. ಜೋಡಿಯನ್ನು ಅಗಲಿಸಿದುದಕ್ಕೆ ಆಕೆಗೆ ಇಂದಿಗೂ ಸಮಾಧಾನವಿಲ್ಲ. ನನಗೂ ಇಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಜಿಂಕೆಯ ಕೊಂಬು, ಚರ್ಮ, ನವಿಲುಗರಿ ಇವು ವನ್ಯಜೀವಿಗಳ ಕಾನೂನಿಗೆ ಒಳಪಟ್ಟವು. ಇವನ್ನು ಕಳುಹಿಸುವ ಯೋಚನೆಯನ್ನೇ ಬಿಡುವುದು ಲೇಸು. ಬೀಟೆಮರದ ವಿಷಯ ಅನೇಕರಿಗೆ ತಿಳಿಯದು. ಆ ಜಾತಿಯ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದವೊಂದರ ರಕ್ಷಣೆಯ ಪಟ್ಟಿಯಲ್ಲಿ ಸೇರಿವೆ. ಸಣ್ಣ ಸಾಮಾನಿಗೆ ವಿನಾಯಿತಿ ಇದ್ದರೂ, ಮಂಚದಷ್ಟು ತೂಕದ ಮರಕ್ಕೆ ಅನುಮತಿಪತ್ರದ ಪ್ರಶ್ನೆ ಏಳುವುದು. ಮಲೆನಾಡಿನ ಅಂಚಿನ ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಬೀಟೆಯ ಮಂಚ, ಬೀರುಗಳು ಅಪರೂಪವಲ್ಲವಾದುದರಿಂದ ಇದನ್ನು ಬರೆದೆ. ಮಂಚವನ್ನು ಪಕ್ಕದ ಮನೆಯ ಹುಡುಗಿಯ ಮದುವೆಗೆ ಕೊಟ್ಟದ್ದಾಯಿತು.

ಇನ್ನು ಇಳಿಯುವ ದೇಶದ ನಿಯಮ. ಆಸ್ಟ್ರೇಲಿಯಾದವರು ತಮ್ಮ ಬೆಳೆಗಳಿಗೂ ದನಕುರಿಗಳಿಗೂ ಹೊರಗಿನ ಕೀಟ, ರೋಗಗಳು ತಗಲದಂತೆ ಬಹಳ ಬಿಗಿಯಾಗಿ ಕಾಯುತ್ತಾರೆ. ಕಾಳು, ಬೀಜ, ಹುಲ್ಲು, ಮಣ್ಣು ಇವು ಪೆಟ್ಟಿಗೆಯಲ್ಲಿ ಇರಕೂಡದು. ಧಾನ್ಯವನ್ನು ಹಿಟ್ಟುಮಾಡಿಬಿಡುವ ಖಾಪ್ರಾ ಎಂಬ ದುಂಬಿಯು ನಮ್ಮ ಉಪಖಂಡದ ಮೂಲದ್ದು. ಅದರ ಭಯದಿಂದ 2020ರಲ್ಲಿ, ಹಡಗಿನಲ್ಲಿ ಕಳುಹಿಸುವ ಮನೆಯ ಸಾಮಾನಿನೊಡನೆ ಅಕ್ಕಿ, ಬೇಳೆ ಮುಂತಾದ ಅಪಾಯದ ಧಾನ್ಯಗಳನ್ನು ಸೇರಿಸುವುದನ್ನೇ ನಿಷೇಧಿಸಿದರು. ಅಕ್ಕಿಯ ಡಬ್ಬಿಯ ತಳದಲ್ಲಿ ಉಳಿದ ನಾಲ್ಕು ಕಾಳು ಕೂಡ ತೊಂದರೆ ತರಬಲ್ಲವು. ಈಗ ನಮ್ಮ ಮೊರವನ್ನು ನೆನೆಯಿರಿ. ಬಿದಿರಿನದು, ಮೇಲೆ ಸಗಣಿ ಬಳಿದದ್ದು, ಸಂದಿನಲ್ಲಿ ರಾಗಿ ಸಿಕ್ಕಿಕೊಂಡದ್ದು. ಆ ಅಧಿಕಾರಿಗಳು ಬೇಡವೆನ್ನಬಹುದಾದ ಕಾರಣಗಳೆಲ್ಲ ಅದೊಂದರಲ್ಲೇ ಕೂಡಿವೆ. ಪೊರಕೆ, ಬೆರಣಿ, ತೊಳೆಯದ ಚಪ್ಪಲಿಗಳೂ ಹಾಗೆಯೇ. ಒರಳುಕಲ್ಲನ್ನು ಒಯ್ಯಲೇಬೇಕೆಂದು ಆಕೆ ಹಟ ಹಿಡಿದಳು. ನಾರಿನಿಂದ ಮೂರು ಸಲ ತಿಕ್ಕಿ ಬಿಸಿಲಿಗೆ ಇಟ್ಟೆವು.

ಸುಂಕದ ವಿಷಯದಲ್ಲಿ ಹೆದರಬೇಕಾದುದಿಲ್ಲ. ನೆಲೆಸಲು ಬರುವವರು ತಾವು ಬಳಸಿದ ಗೃಹೋಪಯೋಗಿ ಸಾಮಾನನ್ನು ತಂದರೆ ಅನೇಕ ದೇಶಗಳು ಸುಂಕ ಬಿಡುತ್ತವೆ. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಒಂದು ವರ್ಷದ ಬಳಕೆಯನ್ನೂ ಬ್ರಿಟನ್ನಿನಲ್ಲಿ ಆರು ತಿಂಗಳ ಬಳಕೆಯನ್ನೂ ಕೇಳುತ್ತಾರೆ. ಆದುದರಿಂದ ಹೊರಡುವ ಸಂಭ್ರಮದಲ್ಲಿ ಹೊಸ ಪಾತ್ರೆಗಳನ್ನು ಕೊಂಡು ತುಂಬುವುದು ಬುದ್ಧಿವಂತಿಕೆಯಲ್ಲ. ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ವಿದ್ಯುತ್ತು 230 ವೋಲ್ಟಿನದು, ಅಲ್ಲಿಯದು 120. ಇಲ್ಲಿಯ ಮಿಕ್ಸಿ, ಗ್ರೈಂಡರುಗಳು ಅಲ್ಲಿ ನೇರವಾಗಿ ನಡೆಯವು. ಆಸ್ಟ್ರೇಲಿಯಾದಲ್ಲಿ ಈ ತೊಡಕಿಲ್ಲ. ಗೋಡೆಗೆ ಚುಚ್ಚುವ ಪ್ಲಗ್ಗಿನ ಆಕಾರ ಮಾತ್ರ ಬೇರೆ.

ಕಟ್ಟುವ ಕೆಲಸದಲ್ಲಿ ನಾನೊಂದು ಅವಿವೇಕ ಮಾಡಿದೆ. ಊರಿನ ಆಚಾರಿಗೆ ಹೇಳಿ ಮಾವಿನ ಹಲಗೆಯಿಂದ ಭದ್ರವಾದ ಎರಡು ಪೆಟ್ಟಿಗೆ ಮಾಡಿಸಿದೆ. ಅವು ಕೆಲಸಕ್ಕೆ ಬರಲಿಲ್ಲ. ದೇಶದೇಶಗಳ ನಡುವೆ ಹೋಗುವ ಸರಕಿನ ಹಸಿಮರದ ಕಟ್ಟುಗಳನ್ನು, ಮರದ ಒಡಲಿನವರೆಗೂ 56 ಡಿಗ್ರಿ ಶಾಖ ಮೂವತ್ತು ನಿಮಿಷ ತಗಲುವಂತೆ ಕಾಯಿಸಿಯೋ ಬೇರೆ ಒಪ್ಪಿತ ವಿಧಾನದಿಂದಲೋ ಸಂಸ್ಕರಿಸಿ, ಗೋಧಿಯ ತೆನೆಯ ಗುರುತುಳ್ಳ ಮುದ್ರೆಯನ್ನು ಒತ್ತಿಸಬೇಕು. ಆಚಾರಿಯ ಪೆಟ್ಟಿಗೆಯಲ್ಲಿ ಆ ಮುದ್ರೆ ಎಲ್ಲಿಂದ ಬರಬೇಕು? ಈಗ ಅವುಗಳಲ್ಲಿ ನನ್ನ ಮನೆಯ ತೆಂಗಿನಕಾಯಿ ಇವೆ. ಗಟ್ಟಿಯಾದ ರಟ್ಟಿನ ಪೆಟ್ಟಿಗೆಗಳೇ ಸಾಕಾದುವು.

ಪ್ರತಿ ಪೆಟ್ಟಿಗೆಗೂ ಅಂಕೆ ಹಾಕಿ, ಒಳಗಿನ ವಸ್ತು, ಸಂಖ್ಯೆ, ಅಂದಾಜು ಬೆಲೆಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ‘ಅಡಿಗೆಮನೆಯ ಸಾಮಾನು’ ಎಂದಷ್ಟೇ ಬರೆದರೆ ಸಾಲದು. ಪಟ್ಟಿಯ ಪ್ರತಿ ನಿಮ್ಮ ಕೈಚೀಲದಲ್ಲಿರಲಿ. ರಹದಾರಿ, ಜಮೀನಿನ ಪತ್ರಗಳು, ಔಷಧಿ, ಆಭರಣಗಳನ್ನು ಎಂದಿಗೂ ಹಡಗಿನ ಪೆಟ್ಟಿಗೆಗೆ ಹಾಕಬೇಡಿ.

ಹಣದ ಮಾತಿಗೆ ಬರುತ್ತೇನೆ. ಏಜೆಂಟರು ಹೇಳುವ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಮೊದಲು ಕೇಳಿರಿ; ಮನೆಯ ಬಾಗಿಲಿನಿಂದ ಬಾಗಿಲಿನವರೆಗೋ, ಬಂದರಿನಿಂದ ಬಂದರಿನವರೆಗೆ ಮಾತ್ರವೋ. ಹೊಳೆನರಸೀಪುರದ ನಮ್ಮ ಪರಿಚಿತರೊಬ್ಬರು ಅತಿ ಕಡಿಮೆ ಹೇಳಿದವರಿಗೆ ಕೊಟ್ಟು, ಅತ್ತಣ ಬಂದರಿನಲ್ಲಿ ಇಳಿಸುವ ಕೂಲಿ, ತಪಾಸಣೆಯ ಶುಲ್ಕ, ತಡವಾದುದಕ್ಕೆ ಡೆಮರೇಜು ಎಂದು ಇಲ್ಲಿ ಉಳಿಸಿದುದಕ್ಕಿಂತ ಹೆಚ್ಚು ತೆತ್ತರು. ಅತ್ತಣ ಖರ್ಚುಗಳನ್ನೆಲ್ಲ ಬರಹದಲ್ಲಿ ಪಡೆಯದೆ ಮುಂಗಡ ಕೊಡಕೂಡದು.

ವಿಮೆಯನ್ನು ದಂಡದ ಖರ್ಚೆಂದು ತಿಳಿಯುವವರು ಒಂದು ಹಳೆಯ ಕಡಲ ನ್ಯಾಯವನ್ನು ಅರಿತಿರಬೇಕು. ಹಡಗಿಗೆ ಆಪತ್ತು ಬಂದು, ಎಲ್ಲರ ಸರಕನ್ನೂ ಉಳಿಸುವುದಕ್ಕಾಗಿ ಕೆಲವರ ಸರಕನ್ನು ಸಮುದ್ರಕ್ಕೆ ಎಸೆದರೆ, ಅಥವಾ ವಿಶೇಷ ಖರ್ಚು ಮಾಡಿದರೆ, ಆ ನಷ್ಟವನ್ನು ಉಳಿದ ಸರಕಿನವರೆಲ್ಲರೂ ಬೆಲೆಯ ಪ್ರಮಾಣದಲ್ಲಿ ಹಂಚಿಕೊಳ್ಳತಕ್ಕದ್ದು. 2021ರ ಮಾರ್ಚಿಯಲ್ಲಿ ‘ಎವರ್ ಗಿವನ್’ ಎಂಬ ಮಹಾ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡವಾಗಿ ಆರು ದಿನ ಸಿಕ್ಕಿಕೊಂಡಿದ್ದಾಗ ಈ ನ್ಯಾಯವನ್ನೇ ಘೋಷಿಸಿದರು. ಅದರಲ್ಲಿ ಸುಮಾರು 18,300 ಕಂಟೈನರುಗಳಿದ್ದವು. ವಿಮೆ ಮಾಡಿದವರ ಪಾಲನ್ನು ವಿಮೆಯವರು ನೋಡಿಕೊಳ್ಳುವರು. ಮಾಡದವರು ತಾವೇ ಠೇವಣಿ ಕಟ್ಟಿ ಬಿಡಿಸಿಕೊಳ್ಳಬೇಕು. ಇದನ್ನು ಹೇಳಿದಾಗ ನನ್ನ ತಂಗಿ, “ಹಡಗು ಸಿಕ್ಕಿಹಾಕಿಕೊಂಡರೆ ನನ್ನ ಒಗ್ಗರಣೆ ಸೌಟು ಯಾಕೆ ಹಣ ಕೊಡಬೇಕು?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ವಿಮೆಯ ಪತ್ರದಲ್ಲಿ ಇನ್ನೊಂದು ಸಂಗತಿಯನ್ನು ಓದಿರಿ. ಮನೆಯವರೇ ಕಟ್ಟಿದ ಪೆಟ್ಟಿಗೆಯೊಳಗೆ ವಸ್ತು ಒಡೆದರೆ ಹಲವು ವಿಮೆಯವರು ಪರಿಹಾರ ಕೊಡುವುದಿಲ್ಲ. ಪಿಂಗಾಣಿ, ಗಾಜುಗಳನ್ನು ಅನುಭವಸ್ಥರಿಂದಲೇ ಕಟ್ಟಿಸುವುದು ಕ್ಷೇಮ.

ಕೊರವಂಗಲದಿಂದ ಸಮುದ್ರಕ್ಕೆ ಹತ್ತಿರದ ದಾರಿ ಶಿರಾಡಿ ಘಾಟಿ ಇಳಿದು ಮಂಗಳೂರಿನ ಪಣಂಬೂರು ಬಂದರು. ಮಳೆಗಾಲದಲ್ಲಿ ಆ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದುಂಟು. ನಮ್ಮದು ಸಣ್ಣ ಸರಕಾದುದರಿಂದ ಬೆಂಗಳೂರಿನ ಕಡೆಗೇ ಹೋಯಿತು. ಅಲ್ಲಿ ವೈಟ್‌ಫೀಲ್ಡಿನಲ್ಲಿ ಒಳನಾಡಿನ ಕಂಟೈನರು ನಿಲ್ದಾಣವಿದ್ದು, ಸುಂಕದವರ ತಪಾಸಣೆಯನ್ನು ಅಲ್ಲಿಯೇ ಮುಗಿಸಿ ಬಂದರಿಗೆ ಕಳುಹಿಸುವ ಅನುಕೂಲವಿದೆ. ಹದಿನೆಂಟು ಘನಮೀಟರಿನ ಪಟ್ಟಿ ಕಡೆಗೆ ಎರಡಕ್ಕೆ ಇಳಿದಿತ್ತು. ಇಪ್ಪತ್ತೆರಡು ಪೆಟ್ಟಿಗೆಗಳು.

ಅವು ಆಕೆಯನ್ನು ತಲುಪಲು ಹನ್ನೊಂದು ವಾರ ಹಿಡಿಯಿತು. ಆಕೆ ವಿಮಾನದಲ್ಲಿ ಮೊದಲೇ ಹೋಗಿದ್ದಳು. ಅಷ್ಟು ದಿನ ಸೊಸೆಯ ಪಾತ್ರೆಗಳಲ್ಲಿ ಅಡಿಗೆ ಮಾಡಿದಳು. ಅಲ್ಲಿಯ ಅಧಿಕಾರಿಗಳು ಮೂರು ಪೆಟ್ಟಿಗೆ ಬಿಚ್ಚಿ ನೋಡಿದರಂತೆ. ನನಗೆ ತಿಳಿಯದಂತೆ ಆಕೆ ಹದಿನಾಲ್ಕನೆಯ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ ಒಂದು ಸಣ್ಣ ಮೊರವನ್ನು ತೆಗೆದುಕೊಂಡುಬಿಟ್ಟರು. ಪಟ್ಟಿಯಲ್ಲಿ ಅದು ಇಲ್ಲವೆಂದು ಮಗನನ್ನು ಪ್ರಶ್ನಿಸಿದರು; ಆತನು ಇದ್ದುದನ್ನು ಇದ್ದಂತೆ ಹೇಳಿ, ಎಚ್ಚರಿಕೆ ಕೇಳಿಸಿಕೊಂಡು ಬಂದನು. ಒರಳುಕಲ್ಲು ನಿರಾತಂಕವಾಗಿ ಒಳಗೆ ಹೋಯಿತು. ದೀಪದ ಕಂಬದ ಮೇಲ್ತಟ್ಟೆ ಸ್ವಲ್ಪ ಬಾಗಿದೆ, ಎಣ್ಣೆ ಒಂದು ಕಡೆಗೆ ನಿಲ್ಲುತ್ತದೆ ಎಂದು ಆಕೆ ತಿಳಿಸಿದ್ದಾಳೆ.

ಓಲೆಗರಿಯ ಕಟ್ಟು ನನ್ನ ಬಳಿಯಲ್ಲಿದೆ. ಈ ಮಳೆ ಕಳೆದ ಮೇಲೆ ಅದನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೆಗೆದುಕೊಂಡು ಹೋಗಿ ತೋರಿಸುವೆನೆಂದು ಆಕೆಗೆ ಮಾತು ಕೊಟ್ಟಿದ್ದೇನೆ. ಅದರಲ್ಲಿ ಏನು ಬರೆದಿದೆಯೆಂಬುದನ್ನು ಅವರು ಓದಿ ಹೇಳಿದ ದಿನವೇ ದೂರವಾಣಿ ಮಾಡಬೇಕೆಂದು ಆಕೆಯ ಆಜ್ಞೆ.