ಕಾಲೇಜಿನ ಆಟಗಾರ ವೃತ್ತಿಪರನಾಗಬಲ್ಲನೇ?

ಕಾಲೇಜು ತಂಡದಲ್ಲಿ ಚೆನ್ನಾಗಿ ಆಡುವ ಹುಡುಗ ಮುಂದೆ ಆಟದಿಂದಲೇ ಜೀವನ ನಡೆಸಬಲ್ಲನೇ? ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಎರಡೇ. “ನಮ್ಮ ಹುಡುಗನಿಗೆ ಸಮ ಯಾರಿದ್ದಾರೆ?” ಅನ್ನುವುದು ಅಜ್ಜಿಯ ಉತ್ತರ. “ಆಟ ಊಟ ಹಾಕುತ್ತದೆಯೇ?” ಅನ್ನುವುದು ಅಪ್ಪನ ಉತ್ತರ. ಒಂದರಲ್ಲಿ ಪ್ರೀತಿ ಇದೆ, ಇನ್ನೊಂದರಲ್ಲಿ ಭಯ ಇದೆ. ಲೆಕ್ಕ ಎರಡರಲ್ಲೂ ಇಲ್ಲ.

ನನಗೆ ಈಗ ಆ ಲೆಕ್ಕ ಬೇಕಾಗಿದೆ. ಅಮೆರಿಕದಲ್ಲಿರುವ ನನ್ನ ಮಗಳ ಮಗ ಕಾಲೇಜಿನ ಮೂರನೇ ವರ್ಷದಲ್ಲಿದ್ದಾನೆ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಬಲಬದಿಯ ರಕ್ಷಣೆ ಅವನದು. ಆ ದೇಶದಲ್ಲಿ ಫುಟ್‌ಬಾಲ್ ಅಂದರೆ ಬೇರೆಯೇ ಆಟ. ನಮ್ಮ ಫುಟ್‌ಬಾಲನ್ನು ಅವರು ಸಾಕರ್ ಎನ್ನುತ್ತಾರೆ. ಓದನ್ನು ಇಲ್ಲಿಗೇ ನಿಲ್ಲಿಸಿ ಕ್ಲಬ್ಬುಗಳ ಆಯ್ಕೆ ಶಿಬಿರಗಳಿಗೆ ಹೋಗುವ ಆಸೆ ಅವನಿಗೆ. “ತಾತ, ಅಮ್ಮ ಅಳ್ತಾಳೆ, ಅಪ್ಪ ಬೈತಾರೆ. ನೀವು ಲೆಕ್ಕದವರು, ನೀವೇ ಹೇಳಿ” ಎಂದು ಫೋನಿನಲ್ಲಿ ಕೇಳಿದ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳ ಕಾಗದಪತ್ರ ಪರಿಶೀಲಿಸಿದವನು ನಾನು. ಅರ್ಜಿದಾರ ಮೊಮ್ಮಗನೇ ಆದರೂ ಕಾಗದ ನೋಡದೆ ಷರಾ ಬರೆಯುವ ಅಭ್ಯಾಸ ನನಗಿಲ್ಲ.

ಸ್ಥಾನ ಎಷ್ಟು, ಜನ ಎಷ್ಟು?

ಮಕ್ಕಳೇ, ಮೆಸ್ಸಿ 2023ರಲ್ಲಿ ಅಮೆರಿಕದ ಇಂಟರ್ ಮಯಾಮಿ ಕ್ಲಬ್ ಸೇರಿದ್ದು ನಿಮಗೆ ಗೊತ್ತು. ಆ ಕ್ಲಬ್ ಆಡುವುದು ಮೇಜರ್ ಲೀಗ್ ಸಾಕರ್‌ನಲ್ಲಿ. 1996ರಲ್ಲಿ ಶುರುವಾದ ಈ ಲೀಗ್‌ನಲ್ಲಿ ಈಗ 30 ತಂಡಗಳಿವೆ. ಕಾಲೇಜಿನಲ್ಲಿ ಆಡಿದವರಲ್ಲಿ ತಮಗೆ ಬೇಕಾದವರನ್ನು ಕ್ಲಬ್ಬುಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಸಾಮಾನ್ಯವಾಗಿ ಹಿಂದಿನ ವರ್ಷ ಹಿಂದೆ ಬಿದ್ದ ತಂಡಕ್ಕೆ ಮೊದಲ ಸರದಿ. 2025ರಲ್ಲಿ ಮೂರು ಸುತ್ತು ನಡೆಯಿತು. ಮೂವತ್ತು ತಂಡಕ್ಕೆ ಮೂರು ಸುತ್ತು, ಒಟ್ಟು 90 ಸರದಿ.

ಇನ್ನು ಅರ್ಜಿದಾರರ ಕಡೆ ನೋಡಿ. ಪ್ರಥಮ ದರ್ಜೆಯಲ್ಲಿ ಪುರುಷರ ಫುಟ್‌ಬಾಲ್ ತಂಡ ಇರುವ ಕಾಲೇಜುಗಳೇ 200ಕ್ಕೂ ಹೆಚ್ಚು. ಒಂದೊಂದರಲ್ಲಿ 25 ಹುಡುಗರು ಎಂದರೂ 5,000 ದಾಟಿತು. ಎರಡನೇ, ಮೂರನೇ ದರ್ಜೆಯ ಕಾಲೇಜುಗಳು ಈ ಲೆಕ್ಕದಲ್ಲಿಲ್ಲ. ಹೆಸರು ಬಂದರೂ ಕೆಲಸ ಸಿಕ್ಕಿತು ಅಂತಲ್ಲ. ಕ್ಲಬ್ಬಿನ ಶಿಬಿರಕ್ಕೆ ಹೋಗಿ ಮೆಚ್ಚುಗೆ ಪಡೆದ ಮೇಲೆ ಒಪ್ಪಂದ. ಅದರ ಜೊತೆಗೆ ಕ್ಲಬ್ಬುಗಳು ಚಿಕ್ಕಂದಿನಿಂದ ತಾವೇ ಬೆಳೆಸಿದ ಹುಡುಗರನ್ನು ಡ್ರಾಫ್ಟ್ ಇಲ್ಲದೆ ನೇರವಾಗಿ ಸೇರಿಸಿಕೊಳ್ಳುತ್ತವೆ. ಬಾಗಿಲು ಕಿರಿದಾಗಿದೆ ಎಂಬುದು ಮೊದಲು ಒಪ್ಪಬೇಕಾದ ಮಾತು.

ಮೈದಾನದಲ್ಲಿ ಏನು ನೋಡಬೇಕು?

ಹೋದ ವರ್ಷ ಮಗಳ ಮನೆಯಲ್ಲಿದ್ದಾಗ ಮೊಮ್ಮಗನ ಐದು ಪಂದ್ಯ ನೋಡಿದೆ. ಪಕ್ಕದಲ್ಲಿ ಕೂರುತ್ತಿದ್ದ ನಿವೃತ್ತ ತರಬೇತುದಾರರೊಬ್ಬರು ನನಗೆ ಆಟ ನೋಡುವುದನ್ನು ಕಲಿಸಿದರು. “ಚೆಂಡನ್ನು ನೋಡಬೇಡಿ, ಹುಡುಗನನ್ನು ನೋಡಿ” ಎಂಬುದು ಅವರ ಮೊದಲ ಪಾಠ.

ಒಂದು: ಚೆಂಡು ಕಾಲಿಗೆ ಬರುವ ಮೊದಲೇ ಹುಡುಗ ತಲೆ ತಿರುಗಿಸಿ ಹಿಂದೆ ಮುಂದೆ ನೋಡುತ್ತಾನೆಯೇ? ರಸ್ತೆ ದಾಟುವ ಮುನ್ನ ನಾವು ಎರಡೂ ಕಡೆ ನೋಡುವ ಹಾಗೆ. ಚೆಂಡು ಬಂದ ಮೇಲೆ ಯೋಚಿಸುವವನಿಗೆ ಮೇಲಿನ ಹಂತದಲ್ಲಿ ಸಮಯ ಸಿಗುವುದಿಲ್ಲ.

ಎರಡು: ಚೆಂಡು ಕಳೆದುಕೊಂಡ ಮರುಕ್ಷಣ ಏನು ಮಾಡುತ್ತಾನೆ? ಕೈ ಎತ್ತಿ ರೆಫರಿಗೆ ದೂರು ಹೇಳುತ್ತಾನೋ, ಹಿಂದಕ್ಕೆ ಓಡುತ್ತಾನೋ?

ಮೂರು: ಕೊನೆಯ ಕಾಲು ಗಂಟೆ ಅವನ ಕಾಲು ಹೇಗಿದೆ? ಅಲ್ಲಿನ ಕಾಲೇಜು ನಿಯಮದಂತೆ ಹೊರಗೆ ಬಂದ ಆಟಗಾರ ದಣಿವಾರಿಸಿಕೊಂಡು ಮತ್ತೆ ಒಳಗೆ ಹೋಗಬಹುದು. ವೃತ್ತಿಪರ ಆಟದಲ್ಲಿ ಒಮ್ಮೆ ಹೊರಗೆ ಬಂದರೆ ಬಂದಂತೆಯೇ. ಕಾಲೇಜಿನ ಋತು ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ, ಇಪ್ಪತ್ತರ ಆಸುಪಾಸು ಪಂದ್ಯ. ಮೇಜರ್ ಲೀಗ್‌ನಲ್ಲಿ ಒಂದು ಋತುವಿಗೆ ಲೀಗ್ ಪಂದ್ಯಗಳೇ 34.

ನಾಲ್ಕು: ಎದುರಾಳಿ ಯಾರು? ದುರ್ಬಲ ತಂಡಕ್ಕೆ ಹೊಡೆದ ನಾಲ್ಕು ಗೋಲಿಗಿಂತ ಬಲಿಷ್ಠ ತಂಡದ ಎದುರು ತಡೆದ ಒಂದು ಗೋಲು ಹೆಚ್ಚು ಹೇಳುತ್ತದೆ.

ಐದು: ವಯಸ್ಸು. ಯೂರೋಪಿನಲ್ಲಿ ಹದಿನೆಂಟಕ್ಕೇ ದೊಡ್ಡವರ ಜೊತೆ ಆಡುವ ಹುಡುಗರಿದ್ದಾರೆ. ಕಾಲೇಜು ಮುಗಿಸಿದವನಿಗೆ ಇಪ್ಪತ್ತೆರಡು ತುಂಬಿರುತ್ತದೆ.

ನಮ್ಮ ಹುಡುಗನಿಗೆ ದಮ್ಮಿದೆ. ಚೆಂಡು ಹೋದರೆ ಓಡುತ್ತಾನೆ. ಆದರೆ ಎಡಗಾಲು ಇರುವುದು ನಿಂತುಕೊಳ್ಳುವುದಕ್ಕೆ ಮಾತ್ರ! ಒಂದು ಪಂದ್ಯದಲ್ಲಿ ಎದುರಾಳಿ ತಂಡದ ಚುರುಕಿನ ಹುಡುಗನೊಬ್ಬ ಮೂರು ಸಲ ಇವನನ್ನು ದಾಟಿಹೋದ. ನಾಲ್ಕನೇ ಸಲ ಇವನು ಎರಡು ಹೆಜ್ಜೆ ಹಿಂದೆ ನಿಂತು, ದಾರಿ ಕಟ್ಟಿ ಚೆಂಡು ಕಸಿದ. ಪಕ್ಕದ ತರಬೇತುದಾರರು ಆ ದಿನ ಚೀಟಿಯಲ್ಲಿ ಗುರುತು ಹಾಕಿಕೊಂಡದ್ದು ಅದೊಂದನ್ನೇ. ಆಟ ನಡೆಯುವಾಗಲೇ ಕಲಿಯುತ್ತಾನೆ ಎಂಬುದಕ್ಕೆ ಅದು ಸಾಕ್ಷಿ ಎಂದರು.

ಮೂವರ ದಾರಿ

ಇಷ್ಟೆಲ್ಲ ಅಳೆದರೂ ಅಳತೆಗೆ ಸಿಗದ ಆಟಗಾರರಿದ್ದಾರೆ.

ಜಾಕ್ ಹ್ಯಾರಿಸನ್ ಇಂಗ್ಲೆಂಡಿನ ಹುಡುಗ. ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯಲ್ಲಿದ್ದವರನ್ನು ಹದಿನಾಲ್ಕನೇ ವಯಸ್ಸಿನಲ್ಲಿ ತಾಯಿ ಅಮೆರಿಕದ ವಸತಿ ಶಾಲೆಗೆ ಕಳಿಸಿದರು. ಮುಂದೆ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಒಂದೇ ಋತು ಆಡಿ, 2016ರ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದರು. ಆಮೇಲೆ ಲೀಡ್ಸ್ ತಂಡದ ಪರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆಡಿದರು. ಎಲ್ಲರ ಕಣ್ಣಿಗೂ ಮೊದಲೇ ಬಿದ್ದ ಪ್ರತಿಭೆ ಅದು.

ಮ್ಯಾಟ್ ಟರ್ನರ್ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಗೋಲ್‌ಕೀಪರ್. 2013ರಲ್ಲಿ ಅಡ್ಡಪಟ್ಟಿಗೆ ತಾಗಿ ಮೇಲೆ ಚಿಮ್ಮಿದ ಚೆಂಡು ಕೆಳಗೆ ಬರುವಾಗ ಅವರ ಕೈಜಾರಿ ಸ್ವಂತ ಗೋಲಿನೊಳಕ್ಕೆ ಹೋಯಿತು. ಟಿವಿಯಲ್ಲಿ ಅದನ್ನು ತೋರಿಸಿ ದೇಶವೇ ನಕ್ಕಿತು. 2016ರ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ನ್ಯೂ ಇಂಗ್ಲೆಂಡ್ ತಂಡದ ಶಿಬಿರಕ್ಕೆ ಹೋಗಿ ಜಾಗ ಪಡೆದರು, ಕೆಳಗಿನ ಹಂತದ ತಂಡಕ್ಕೆ ಎರವಲು ಹೋದರು. 2021ರಲ್ಲಿ ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್ ಎನಿಸಿದರು. 2022ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿಗೆ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

ಕ್ರಿಸ್ ವಾಂಡೊಲೋಸ್ಕಿ ಕ್ಯಾಲಿಫೋರ್ನಿಯಾದ ಎರಡನೇ ದರ್ಜೆಯ ಚಿಕೋ ಸ್ಟೇಟ್ ಕಾಲೇಜಿನವರು. 2005ರ ಪೂರಕ ಡ್ರಾಫ್ಟ್‌ನಲ್ಲಿ ಅವರದು 41ನೇ ಹೆಸರು. ವರ್ಷಗಟ್ಟಲೆ ಬೆಂಚಿನ ಮೇಲೇ ಇದ್ದರು. 2010ರಲ್ಲಿ, 27ರ ವಯಸ್ಸಿನಲ್ಲಿ, ಲೀಗ್‌ನಲ್ಲೇ ಅತಿ ಹೆಚ್ಚು, 18 ಗೋಲು ಹೊಡೆದರು. 2021ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 171 ಗೋಲುಗಳಿದ್ದವು. ಆ ಲೀಗ್‌ನ ಇತಿಹಾಸದಲ್ಲೇ ಅದು ಅತಿ ಹೆಚ್ಚು.

ಎಲ್ಲರೂ ವಾಂಡೊಲೋಸ್ಕಿ ಆಗುತ್ತಾರೆಂದು ಈ ಕಥೆಗಳ ಅರ್ಥವಲ್ಲ. ಹಾಗೆ ಕಾದು ಬರಿಗೈಯಲ್ಲಿ ಮನೆಗೆ ಹೋದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಕಾಯುವ ವರ್ಷಗಳಲ್ಲಿ ಕೈಯಲ್ಲಿ ಏನಿರುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ನಾನು ಬರೆದ ಷರಾ

ಮೊಮ್ಮಗನಿಗೆ ಕಾಗದದಲ್ಲೇ ಉತ್ತರ ಬರೆದೆ. “ಮಗೂ, ಡಿಗ್ರಿ ಮುಗಿಸು. ಇನ್ನು ಒಂದೇ ವರ್ಷ. ನಿನಗೆ ಸಿಕ್ಕಿರುವ ವಿದ್ಯಾರ್ಥಿವೇತನ ಅರ್ಧ, ಉಳಿದರ್ಧ ನಿನ್ನ ಅಪ್ಪ ಅಮ್ಮ ಕಟ್ಟಿದ್ದು. ಈಗ ಬಿಟ್ಟರೆ ಮೂರು ವರ್ಷದ ಕಂತು ಕಟ್ಟಿ ಪತ್ರ ತೆಗೆದುಕೊಳ್ಳದೆ ಎದ್ದುಬಂದ ಹಾಗೆ. ಈ ವರ್ಷ ಎಡಗಾಲಿಗೆ ದಿನಾ ಅರ್ಧ ಗಂಟೆ ಕೊಡು. ಡಿಗ್ರಿಯ ನಂತರ ಎರಡು ವರ್ಷ ಆಟಕ್ಕೇ ಇರಲಿ. ಚಿಕ್ಕ ಲೀಗ್ ಆದರೂ ಹೋಗು, ದೊಡ್ಡ ಊರೇ ಬೇಕೆನ್ನಬೇಡ. ಎರಡು ವರ್ಷ ಮುಗಿದ ದಿನ ಕೂತು ಲೆಕ್ಕ ನೋಡೋಣ. ಆಗ ನಿಲ್ಲಿಸಬೇಕಾಗಿ ಬಂದರೆ ಅದು ಸೋಲಲ್ಲ, ಅವಧಿ ಮುಗಿದ ಖಾತೆ.”

ಅದೇ ಕಾಗದದ ಪ್ರತಿಯನ್ನು ಮಗಳಿಗೂ ಅಳಿಯಂದಿರಿಗೂ ಕಳಿಸಿದೆ. ಎರಡು ವರ್ಷ ಅವನನ್ನು ಬೈಯಬಾರದು, ಅಳಬಾರದು ಎಂಬುದು ಅವರಿಗೆ ಹಾಕಿದ ಷರತ್ತು. ಅಳಿಯಂದಿರು ಒಪ್ಪಿದ್ದಾರೆ. ಮಗಳು ಇನ್ನೂ ಯೋಚಿಸುತ್ತಿದ್ದಾಳೆ. ಮೊಮ್ಮಗ “ಎರಡು ಸಾಲದು ತಾತ, ಮೂರು ಮಾಡಿ” ಎಂದು ಚೌಕಾಸಿ ಶುರುಮಾಡಿದ್ದಾನೆ.

ಮಕ್ಕಳೇ, ನಿಮ್ಮ ಶಾಲೆಯ ಮೈದಾನದಲ್ಲಿ ಮುಂದಿನ ಪಂದ್ಯ ನಡೆದಾಗ ಒಂದು ಕೆಲಸ ಮಾಡಿ. ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ. ಒಬ್ಬ ಆಟಗಾರನನ್ನು ಆರಿಸಿಕೊಂಡು ಹತ್ತು ನಿಮಿಷ ಅವನನ್ನೇ ನೋಡಿ. ಚೆಂಡು ಎಲ್ಲಿದ್ದರೂ ಸರಿ. ಎಷ್ಟು ಸಲ ತಲೆ ತಿರುಗಿಸಿದ, ಚೆಂಡು ಹೋದಾಗ ಎಷ್ಟು ಸಲ ಹಿಂದಕ್ಕೆ ಓಡಿದ ಎಂದು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ಆಮೇಲೆ ತಾಳೆ ನೋಡಿ.